ಕಾಲು ಕುಂಟಿದ ಹುಡುಗ ರೇಸ್ ತಂಡ ಕಟ್ಟಿದ್ದು ಹೇಗೆ? ಬ್ರೂಸ್ ಮೆಕ್‌ಲಾರೆನ್ ಕಥೆಯಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಫಾರ್ಮುಲಾ ಒನ್ ನೋಡುವವರಿಗೆ ಕಿತ್ತಳೆ ಬಣ್ಣದ ಮೆಕ್‌ಲಾರೆನ್ ಕಾರು ಗೊತ್ತು. ಆದರೆ ಮೆಕ್‌ಲಾರೆನ್ ಅನ್ನುವುದು ಒಬ್ಬ ಮನುಷ್ಯನ ಹೆಸರು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಅದು ತಲುಪಿರುವುದು ಸ್ಫೂರ್ತಿ ತುಂಬುವ ಫಾರ್ವರ್ಡ್ ರೂಪದಲ್ಲಿ: ನಡೆಯಲಾಗದ ಹುಡುಗ, ಬರೀ ಮನೋಬಲದಿಂದ ಕಾಯಿಲೆ ಗೆದ್ದ, ಜಗತ್ತಿನ ವೇಗದ ಕಾರು ಕಟ್ಟಿದ. ಕೇಳಲು ಚೆನ್ನಾಗಿದೆ. ಆದರೆ ನಡೆದದ್ದು ಇದಕ್ಕಿಂತ ಸ್ವಲ್ಪ ಬೇರೆ. ಒಂದೊಂದಾಗಿ ನೋಡೋಣ.

ಮನೋಬಲದಿಂದ ಕಾಲು ಸರಿಹೋಯಿತೇ?

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ಅಪ್ಪ ಲೆಸ್ ಅವರದ್ದು ಪೆಟ್ರೋಲ್ ಬಂಕ್ ಮತ್ತು ಗ್ಯಾರೇಜ್. ಒಂಬತ್ತನೇ ವಯಸ್ಸಿನಲ್ಲಿ ಹುಡುಗ ಕುಂಟತೊಡಗಿದ. ಪರೀಕ್ಷಿಸಿದಾಗ ಸಿಕ್ಕಿದ್ದು ಪರ್ಥೆಸ್ ಕಾಯಿಲೆ.

ಈ ಕಾಯಿಲೆಯಲ್ಲಿ ತೊಡೆಮೂಳೆಯ ತುದಿಯಲ್ಲಿ, ಸೊಂಟದ ಕೀಲಿನೊಳಗೆ ಕೂರುವ ಚೆಂಡಿನಂಥ ಭಾಗಕ್ಕೆ ರಕ್ತ ಹರಿಯುವುದು ಕೆಲಕಾಲ ನಿಲ್ಲುತ್ತದೆ. ರಕ್ತವಿಲ್ಲದೆ ಆ ಮೂಳೆ ಸಾಯುತ್ತದೆ, ಮೆತ್ತಗಾಗುತ್ತದೆ. ನಂತರ ರಕ್ತ ಮತ್ತೆ ಹರಿದು, ದೇಹ ಹಳೆಯದನ್ನು ಕರಗಿಸಿ ಹೊಸ ಮೂಳೆ ಕಟ್ಟುತ್ತದೆ. ಇದಕ್ಕೆ ಕೆಲವು ವರ್ಷಗಳೇ ಬೇಕು. ಅಷ್ಟರವರೆಗೆ ಚೆಂಡಿನ ಆಕಾರ ಕೆಡದಂತೆ ಕಾಪಾಡುವುದೇ ಚಿಕಿತ್ಸೆಯ ಗುರಿ.

ಆ ಕಾಲದಲ್ಲಿ ಅದಕ್ಕೆ ಸಾಮಾನ್ಯವಾಗಿದ್ದ ದಾರಿ, ಮಗುವನ್ನು ಮಲಗಿಸಿಬಿಡುವುದು. ಬ್ರೂಸ್ ಸುಮಾರು ಎರಡು ವರ್ಷ ಟಾಕಪುನಾದ ವಿಲ್ಸನ್ ಹೋಮ್‌ನಲ್ಲಿ, ಕಾಲು ಕಟ್ಟಿದ ಚೌಕಟ್ಟಿನ ಮೇಲೆ ಕಳೆದ. ಆಟದ ವಯಸ್ಸಿನ ಹುಡುಗನಿಗೆ ಇದು ಸಣ್ಣ ಶಿಕ್ಷೆಯಲ್ಲ. ಎದ್ದು ಬಂದಾಗ ಎಡಗಾಲು ಬಲಗಾಲಿಗಿಂತ ಗಿಡ್ಡ. ಆ ಕುಂಟು ಕೊನೆಯವರೆಗೂ ಹೋಗಲಿಲ್ಲ.

ಅಂದರೆ ಮೂಳೆ ಕೂಡಿದ್ದು ದೇಹದ ಸ್ವಭಾವದಿಂದ ಮತ್ತು ಚಿಕಿತ್ಸೆಯಿಂದ. ಮನೋಬಲ ಬೇಕಾದದ್ದು ಆ ಎರಡು ವರ್ಷ ಸಹಿಸಲು. ಈ ವ್ಯತ್ಯಾಸ ಮುಖ್ಯ. ಯಾಕೆಂದರೆ ಪರ್ಥೆಸ್ ಇಂದಿಗೂ ಮಕ್ಕಳಲ್ಲಿ ಕಾಣಿಸುತ್ತದೆ, ಹೆಚ್ಚಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ, ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ನೋವು ಸೊಂಟದಲ್ಲೇ ಇರಬೇಕೆಂದಿಲ್ಲ, ತೊಡೆಯಲ್ಲೋ ಮೊಣಕಾಲಲ್ಲೋ ಕಾಣಿಸಬಹುದು. ಹಾಗಾಗಿ ಎಲ್ಲೋ ಉಳುಕಿರಬೇಕು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವವರೇ ಹೆಚ್ಚು. ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ಮಗು ವಾರಗಟ್ಟಲೆ ಕುಂಟುತ್ತಿದೆ ಎಂದರೆ ಮೂಳೆ ವೈದ್ಯರಿಗೆ ತೋರಿಸಿ. ಇದು ಅಂಟುರೋಗವಲ್ಲ. ವರ್ಷಗಟ್ಟಲೆ ಮಲಗಿಸುವ ಪದ್ಧತಿಯೂ ಈಗಿಲ್ಲ.

ಗ್ಯಾರೇಜಿನಿಂದ ಗ್ರ್ಯಾನ್‌ಪ್ರಿಗೆ

ಅಪ್ಪನ ಗ್ಯಾರೇಜಿಗೆ ಬಂದ ಹಳೆಯ ಆಸ್ಟಿನ್ 7 ಅಲ್ಸ್ಟರ್ ಕಾರನ್ನು ಅಪ್ಪ-ಮಗ ಸೇರಿ ಬಿಚ್ಚಿ ಜೋಡಿಸಿದರು. ಮೀಸೆ ಮೂಡುವ ವಯಸ್ಸಿಗೇ ಬ್ರೂಸ್ ಅದರಲ್ಲಿ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ. ಓಡಿಸುವ ಕೈ ಮತ್ತು ಬಿಚ್ಚಿ ನೋಡುವ ಕಣ್ಣು ಒಬ್ಬನಲ್ಲೇ ಸೇರಿದ್ದು ಮುಂದಿನ ಎಲ್ಲಕ್ಕೂ ಅಡಿಪಾಯ.

1958ರಲ್ಲಿ ನ್ಯೂಜಿಲೆಂಡ್‌ನ ಗ್ರ್ಯಾನ್‌ಪ್ರಿ ಸಂಘಟಕರು ಪ್ರತಿಭಾವಂತ ಚಾಲಕನೊಬ್ಬನನ್ನು ಯುರೋಪಿಗೆ ಕಳಿಸುವ ಯೋಜನೆ ಶುರುಮಾಡಿದರು. ಮೊದಲು ಆಯ್ಕೆಯಾದವನು ಬ್ರೂಸ್. ಅದೇ ವರ್ಷ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಫಾರ್ಮುಲಾ ಒನ್ ಮತ್ತು ಫಾರ್ಮುಲಾ ಟೂ ಕಾರುಗಳು ಒಟ್ಟಿಗೆ ಓಡಿದವು. ಚಿಕ್ಕ ಇಂಜಿನ್ನಿನ ಫಾರ್ಮುಲಾ ಟೂ ಕಾರಿನಲ್ಲಿದ್ದ ಬ್ರೂಸ್ ಒಟ್ಟಾರೆ ಐದನೆಯವನಾಗಿ ಬಂದ.

1959ರಲ್ಲಿ ಇಂಗ್ಲೆಂಡಿನ ಕೂಪರ್ ತಂಡ ಸೇರಿದ. ಆ ಡಿಸೆಂಬರಿನಲ್ಲಿ ಅಮೆರಿಕದ ಸೆಬ್ರಿಂಗ್‌ನಲ್ಲಿ ಮುಂದಿದ್ದ ಜಾಕ್ ಬ್ರಾಭಮ್ ಕಾರಿನ ಪೆಟ್ರೋಲ್ ಕೊನೆಯ ಸುತ್ತಿನಲ್ಲಿ ಮುಗಿಯಿತು. ಬ್ರಾಭಮ್ ಕಾರನ್ನು ತಳ್ಳಿಕೊಂಡೇ ಗೆರೆ ದಾಟಿದರು, ಗೆದ್ದವನು ಬ್ರೂಸ್. ಆಗ ವಯಸ್ಸು 22. ಗ್ರ್ಯಾನ್‌ಪ್ರಿ ಗೆದ್ದ ಅತಿ ಕಿರಿಯ ಎಂಬ ಈ ದಾಖಲೆ 2003ರಲ್ಲಿ ಫರ್ನಾಂಡೋ ಅಲೊನ್ಸೊ ಮುರಿಯುವವರೆಗೂ ಉಳಿಯಿತು. ಒಂದು ಸಣ್ಣ ತಿದ್ದುಪಡಿ: ಆಗ ವಿಶ್ವ ಚಾಂಪಿಯನ್‌ಶಿಪ್‌ನ ಲೆಕ್ಕಕ್ಕೆ ಸೇರಿದ್ದ ಇಂಡಿಯಾನಾಪೊಲಿಸ್ 500 ಓಟವನ್ನೂ ಹಿಡಿದರೆ, 1952ರಲ್ಲಿ ಅದನ್ನು ಗೆದ್ದ ಟ್ರಾಯ್ ರಟ್‌ಮನ್ ಇನ್ನೂ ಕೆಲವು ದಿನ ಕಿರಿಯ.

1960ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ, 1962ರಲ್ಲಿ ಮೊನಾಕೊ ಗೆಲುವು. ಬ್ರೂಸ್ ಚಾಲಕರಾಗಿ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ಆಗಿದ್ದರು ಎಂದು ಯಾರಾದರೂ ಬರೆದಿದ್ದರೆ ಅದು ತಪ್ಪು.

ತಂಡ ಹುಟ್ಟಿತು, ಜೊತೆಗೇ ಸಾವೂ ಬಂತು

1963ರಲ್ಲಿ ಬ್ರೂಸ್ ಮೆಕ್‌ಲಾರೆನ್ ಮೋಟಾರ್ ರೇಸಿಂಗ್ ಎಂಬ ಸಣ್ಣ ಕಂಪನಿ ಶುರುವಾಯಿತು. ಮರುವರ್ಷವೇ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಟಾಸ್ಮನ್ ಸರಣಿ ಗೆದ್ದರು. ಆದರೆ ಅದೇ ಸರಣಿಯಲ್ಲಿ, ಟಾಸ್ಮೇನಿಯಾದ ಲಾಂಗ್‌ಫರ್ಡ್‌ನಲ್ಲಿ, ಅಭ್ಯಾಸದ ವೇಳೆ ತಂಡದ ಯುವ ಚಾಲಕ ಟಿಮ್ಮಿ ಮೇಯರ್ ತೀರಿಕೊಂಡರು.

ಸಾಧಿಸುತ್ತ ಸತ್ತವನ ಬದುಕು ವ್ಯರ್ಥವಲ್ಲ ಎಂಬ ಅರ್ಥದ ಒಂದು ಮಾತು ಬ್ರೂಸ್ ಚಿತ್ರದೊಂದಿಗೆ ಓಡಾಡುತ್ತದೆ. ತಮ್ಮ ಸಾವು ಮೊದಲೇ ಗೊತ್ತಿದ್ದವರಂತೆ ಬರೆದರು ಎನ್ನುವವರಿದ್ದಾರೆ. ಹಾಗೇನಿಲ್ಲ. 1964ರ ತಮ್ಮ ಪುಸ್ತಕದಲ್ಲಿ ಅದನ್ನು ಬರೆದದ್ದು ಟಿಮ್ಮಿಗಾಗಿ. ಭವಿಷ್ಯ ಹೇಳಿದ ಮಾತಲ್ಲ, ಗೆಳೆಯನನ್ನು ಕಳೆದುಕೊಂಡವನ ಮಾತು. ಟಿಮ್ಮಿಯ ಅಣ್ಣ ಟೆಡ್ಡಿ ಮೇಯರ್ ತಂಡ ಬಿಟ್ಟುಹೋಗಲಿಲ್ಲ. ಬ್ರೂಸ್ ನಂತರ ತಂಡವನ್ನು ನಡೆಸಿದ್ದೂ ಅವರೇ.

1966ರಲ್ಲಿ ಮೊದಲ ಮೆಕ್‌ಲಾರೆನ್ ಫಾರ್ಮುಲಾ ಒನ್ ಕಾರು ಮೊನಾಕೊದಲ್ಲಿ ಇಳಿಯಿತು. ಅದರ ಒಡಲು ಎರಡು ಅಲ್ಯುಮಿನಿಯಂ ತಗಡುಗಳ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಅಂಟಿಸಿದ್ದು. ಗಟ್ಟಿಯಿತ್ತು, ಆದರೆ ಇಂಜಿನ್ ಸಾಲಲಿಲ್ಲ. ಆ ಓಟ ಪೂರ್ತಿಯಾಗಲೂ ಇಲ್ಲ.

ಅದೇ ವರ್ಷ ಬ್ರೂಸ್ ಮತ್ತು ಕ್ರಿಸ್ ಏಮನ್ ಫೋರ್ಡ್ ಕಾರಿನಲ್ಲಿ 24 ಗಂಟೆಗಳ ಲೆ ಮಾನ್ಸ್ ಗೆದ್ದರು. ಫೋರ್ಡ್ ವರ್ಸಸ್ ಫೆರಾರಿ ಸಿನಿಮಾ ನೋಡಿದವರು, ಕೆನ್ ಮೈಲ್ಸ್‌ಗೆ ಮೋಸವಾಯಿತು, ಬ್ರೂಸ್‌ಗೆ ಬಿಟ್ಟಿ ಗೆಲುವು ಸಿಕ್ಕಿತು ಅಂದುಕೊಳ್ಳುತ್ತಾರೆ. ಫೋರ್ಡ್ ತನ್ನ ಕಾರುಗಳು ಒಟ್ಟಿಗೆ ಗೆರೆ ದಾಟಲಿ ಎಂದು ಬಯಸಿದ್ದು ನಿಜ. ಆದರೆ ಆ ಓಟದಲ್ಲಿ ಗೆಲ್ಲುವುದು 24 ಗಂಟೆಯಲ್ಲಿ ಹೆಚ್ಚು ದೂರ ಓಡಿದ ಕಾರು. ಬ್ರೂಸ್ ಕಾರು ಆರಂಭದಲ್ಲಿ ಹಿಂದೆ ನಿಂತಿತ್ತು. ಒಟ್ಟಿಗೆ ತಲುಪಿದರೂ ಅದು ಓಡಿದ ದೂರ ಕೆಲವು ಮೀಟರ್ ಹೆಚ್ಚು.

ಉತ್ತರ ಅಮೆರಿಕದ ಕ್ಯಾನ್-ಆಮ್ ಸರಣಿಯಲ್ಲಿ ತಂಡದ ನಿಜವಾದ ಬಲ ಕಂಡಿತು. 1967ರಲ್ಲಿ ಆರರಲ್ಲಿ ಐದು ಓಟ ಗೆದ್ದರು. 1969ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಬ್ರೂಸ್ ಮತ್ತು ಡೆನ್ನಿ ಹಲ್ಮ್ ಪಾಲು. ನಡುವೆ 1968ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಾರ್ಮುಲಾ ಒನ್ ಗೆಲುವೂ ಬಂತು. ಮುಂದಿದ್ದ ಜಾಕಿ ಸ್ಟುವರ್ಟ್ ಪೆಟ್ರೋಲಿಗಾಗಿ ನಿಂತದ್ದು ಬ್ರೂಸ್‌ಗೆ ತಿಳಿದಿರಲಿಲ್ಲ. ಎರಡನೆಯವನಾದೆ ಎಂದುಕೊಂಡು ಇಳಿದವರಿಗೆ, ಗೆದ್ದದ್ದು ನೀವೇ ಎಂದು ಬೇರೆಯವರು ಹೇಳಬೇಕಾಯಿತು.

ಗುಡ್‌ವುಡ್‌ನಲ್ಲಿ ಆದದ್ದೇನು?

1970ರ ಜೂನ್ 2. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಕ್ಯಾನ್-ಆಮ್ ಕಾರು ಎಂ8ಡಿ ಪರೀಕ್ಷೆ. ನೇರ ದಾರಿಯಲ್ಲಿ ವೇಗವಾಗಿ ಹೋಗುವಾಗ ಕಾರಿನ ಹಿಂಭಾಗದ ಹೊದಿಕೆ ಕಳಚಿ ಹಾರಿತು.

ಒಂದು ಹೊದಿಕೆ ಹೋದರೆ ಕಾರು ಯಾಕೆ ಹತೋಟಿ ತಪ್ಪಬೇಕು? ವಿಮಾನದ ರೆಕ್ಕೆ ಗಾಳಿಯಿಂದ ಮೇಲಕ್ಕೆತ್ತುವ ಬಲ ಪಡೆಯುತ್ತದೆ. ರೇಸ್ ಕಾರಿನ ರೆಕ್ಕೆಯನ್ನು ತಲೆಕೆಳಗು ಮಾಡಿ ಕೂರಿಸಿರುತ್ತಾರೆ, ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ವೇಗ ಎರಡು ಪಟ್ಟಾದರೆ ಆ ಒತ್ತಡ ಸುಮಾರು ನಾಲ್ಕು ಪಟ್ಟು. ಟೈರಿನ ಹಿಡಿತ ಇದನ್ನೇ ನಂಬಿರುತ್ತದೆ. ಎಂ8ಡಿಯ ರೆಕ್ಕೆ ಇದ್ದದ್ದು ಆ ಹೊದಿಕೆಯ ಮೇಲೇ. ಅದು ಹೋದ ಕ್ಷಣ ಹಿಂದಿನ ಚಕ್ರಗಳ ಹಿಡಿತವೂ ಹೋಯಿತು. ಕಾರು ತಿರುಗಿ ದಾರಿಯ ಪಕ್ಕದ ಕಟ್ಟೆಗೆ ಬಡಿಯಿತು. ಬ್ರೂಸ್ ಅಲ್ಲೇ ತೀರಿಕೊಂಡರು. ವಯಸ್ಸು 32. ಮನೆಯಲ್ಲಿ ಹೆಂಡತಿ ಪ್ಯಾಟಿ ಮತ್ತು ಪುಟ್ಟ ಮಗಳು.

ಹನ್ನೆರಡು ದಿನಗಳ ನಂತರ ಕೆನಡಾದ ಮೋಸ್‌ಪೋರ್ಟ್‌ನಲ್ಲಿ ತಂಡ ಓಟಕ್ಕಿಳಿಯಿತು. ಡ್ಯಾನ್ ಗರ್ನಿ ಅದೇ ಮಾದರಿಯ ಕಾರಿನಲ್ಲಿ ಗೆದ್ದರು. ಇಂಡಿಯಾನಾಪೊಲಿಸ್‌ನಲ್ಲಿ ಕೈ ಸುಟ್ಟುಕೊಂಡಿದ್ದ ಹಲ್ಮ್ ಗಾಯ ಮಾಗುವ ಮೊದಲೇ ಓಡಿಸಿದರು, ಆ ವರ್ಷದ ಕ್ಯಾನ್-ಆಮ್ ಪಟ್ಟವೂ ಅವರದ್ದೇ ಆಯಿತು.

1974ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ತಂಡಕ್ಕೆ ಮೊದಲ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿ ತಂದರು. 1981ರಲ್ಲಿ ಇದೇ ತಂಡ ಕಾರ್ಬನ್ ಫೈಬರ್ ಒಡಲಿನ ಕಾರು ತಂದಿತು. ಮುಂದೆ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು, ಎಷ್ಟೋ ಚಾಲಕರ ಜೀವ ಉಳಿಯಿತು. 1988ರಲ್ಲಿ 16 ಓಟಗಳಲ್ಲಿ 15 ಗೆಲುವು. 2024ರಲ್ಲಿ, 26 ವರ್ಷಗಳ ನಂತರ, ಮತ್ತೆ ತಂಡ ಪ್ರಶಸ್ತಿ. ಇದ್ಯಾವುದನ್ನೂ ಬ್ರೂಸ್ ನೋಡಲಿಲ್ಲ.

ಕೊನೆಯದಾಗಿ

ಪವಾಡದಿಂದ ಕಾಲು ಸರಿಹೋಯಿತು ಎಂಬುದು ಸುಳ್ಳು. ಕಾಲು ಪೂರ್ತಿ ಸರಿಹೋಗಲೇ ಇಲ್ಲ, ಆದರೂ ಕೆಲಸ ನಿಲ್ಲಲಿಲ್ಲ ಎಂಬುದು ನಿಜ. ಮುಂದಿನ ಸಲ ಈ ಕಥೆ ನಿಮ್ಮ ಗುಂಪಿಗೆ ಬಂದರೆ ನಿಜವಾದದ್ದನ್ನೇ ಕಳಿಸಿ. ಜೊತೆಗೆ ಕುಂಟುವ ಮಗುವಿದ್ದರೆ ವೈದ್ಯರಿಗೆ ತೋರಿಸಿ ಎಂಬ ಒಂದು ಸಾಲನ್ನೂ ಸೇರಿಸಿ.