ಸ್ಕ್ರೂಗಳಿಗೆ ಲೆಕ್ಕ ಕಲಿಸಿದ ವಿಟ್‌ವರ್ತ್

ವಿಟ್‌ವರ್ತ್ ಅಂದ್ರೆ ನಮಗೆಲ್ಲ ನೆನಪಾಗೋದು ಕ್ವಿಕ್ ರಿಟರ್ನ್ ಮೆಕ್ಯಾನಿಸಮ್. ಚಿತ್ರ ಬಿಡಿಸ್ತೇವೆ, ಮಾರ್ಕ್ಸ್ ತಗೋತೇವೆ, ಮರೆತುಬಿಡ್ತೇವೆ. ಆದರೆ ನಾವು ದಿನಾ ಮುಟ್ಟುವ ಸ್ಕ್ರೂಗೂ ಒಂದು ನಿಯಮ ತಂದವರು ಇದೇ ಮನುಷ್ಯ.

ಜೋಸೆಫ್ ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ತಂದೆ ಶಾಲಾ ಮಾಸ್ತರರು. ತಾಯಿ ಬೇಗ ತೀರಿಕೊಂಡರು. 14ನೇ ವಯಸ್ಸಿಗೆ ಹುಡುಗನನ್ನು ಸಂಬಂಧಿಕರ ಹತ್ತಿ ಮಿಲ್ಲಿಗೆ ಕಳಿಸಿದರು. ಅವನಿಗೆ ಹಿಡಿಸಿದ್ದು ವ್ಯಾಪಾರ ಅಲ್ಲ, ಮಿಲ್ಲಿನ ಯಂತ್ರಗಳು. ಅದನ್ನು ಬಿಟ್ಟು ಮ್ಯಾಂಚೆಸ್ಟರ್‌ನಲ್ಲಿ ಮೆಕ್ಯಾನಿಕ್ ಆದ. 1825ರಲ್ಲಿ ಲಂಡನ್ನಿಗೆ ಹೋಗಿ ಹೆನ್ರಿ ಮಾಡ್ಸ್ಲಿಯವರ ವರ್ಕ್‌ಶಾಪ್ ಸೇರಿದ.

ಅಲ್ಲಿ ಅವರು ಪಕ್ಕಾ ಸಮತಟ್ಟಾದ ಲೋಹದ ತಟ್ಟೆ ಮಾಡುವುದನ್ನು ಸಾಧಿಸಿದರು. ಎರಡೇ ತಟ್ಟೆ ತಗೊಂಡು ಉಜ್ಜಿದರೆ ಒಂದು ಗುಳಿಯಾಗಿ, ಇನ್ನೊಂದು ಉಬ್ಬಾಗಿಯೂ ಸರಿಯಾಗಿ ಕೂತುಬಿಡಬಹುದು. ಟೆಲಿಸ್ಕೋಪಿನ ಕನ್ನಡಿ ಮಾಡೋದೇ ಹಾಗೆ. ಮೂರು ತಟ್ಟೆ ತಗೊಂಡು ಜೋಡಿ ಬದಲಿಸುತ್ತ ಹೋಲಿಸಿ, ಉಬ್ಬು ಇದ್ದಲ್ಲಿ ಕೆರೆದರೆ, ಮೂರೂ ಸಮತಟ್ಟಾದಾಗ ಮಾತ್ರ ಒಂದಕ್ಕೊಂದು ಹೊಂದುತ್ತವೆ.

1833ರಲ್ಲಿ ಮ್ಯಾಂಚೆಸ್ಟರ್‌ಗೆ ವಾಪಸ್ ಬಂದು ಸ್ವಂತ ಕಾರ್ಖಾನೆ ಹಾಕಿದರು. ಆಗ ಒಂದೊಂದು ಕಾರ್ಖಾನೆಗೂ ಒಂದೊಂದು ಥರದ ಥ್ರೆಡ್. ಒಂದು ಬೋಲ್ಟ್ ಕಳೆದರೆ ಯಂತ್ರ ಮಾಡಿದವರ ಹತ್ತಿರವೇ ಹೋಗಬೇಕು. ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ಸ್ಕ್ರೂಗಳನ್ನು ಕೂಡಿಸಿ, ಅಳೆದು, ಸರಾಸರಿ ತೆಗೆದು 1841ರಲ್ಲಿ ಒಂದು ಪದ್ಧತಿ ಮುಂದಿಟ್ಟರು. ಥ್ರೆಡ್ಡಿನ ಕೋನ 55 ಡಿಗ್ರಿ. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಥ್ರೆಡ್, ಅರ್ಧ ಇಂಚಿಗೆ 12. ತಮ್ಮ ಕಾರ್ಖಾನೆಯದ್ದೇ ಸರಿ ಅಂತ ಹಟ ಹಿಡಿಯಲಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಬದಲಾದರೆ ಸಾಕಿತ್ತು. ರೈಲ್ವೆಯವರು ಒಪ್ಪಿಕೊಂಡರು, ಉಳಿದವರು ಹಿಂದೆ ಬಂದರು.

ಇದು ಹಳೇ ಕಥೆ ಅಲ್ಲ. ರಾಯಚೂರಿನಲ್ಲಿ ಎರಡು ಸೂತಿನ ಬೋಲ್ಟ್ ಕೊಡ್ರಿ ಅಂದ್ರೆ ಕಾಲು ಇಂಚಿನದು ಅಂತಲೇ ಅರ್ಥ. ಈಗ ಯೋಚಿಸಿ: ದೇವದುರ್ಗದ ದಾರಿಯಲ್ಲಿ ಮಾನ್ವಿ ಕಡೆಯ ಮಕ್ಕಳಿಗೆ ಶನಿ ಗ್ರಹ ತೋರಿಸಲು ಟೆಲಿಸ್ಕೋಪ್ ಒಯ್ಯುವಾಗ ಕನ್ನಡಿಯ ಹಿಂದಿನ ಮೂರು ಸ್ಕ್ರೂಗಳಲ್ಲಿ ಒಂದು ಬಿದ್ದುಹೋಯಿತು. ಅಮೆರಿಕದ ಅಳತೆಯ 8-32 ಸ್ಕ್ರೂ 4.17 ಎಂಎಂ ದಪ್ಪ, ಪಿಚ್ 0.79. ಎಂ4 ಸ್ಕ್ರೂ 4 ಎಂಎಂ, ಪಿಚ್ 0.7. ಕಣ್ಣಿಗೆ ಎರಡೂ ಅವಳಿಜವಳಿ. 8-32ರ ತೂತಿಗೆ ಎಂ4 ಹಾಕಿದರೆ ಸಡಿಲವಾಗಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಜೋರು ಮಾಡಿದರೆ ಥ್ರೆಡ್ಡೇ ಹಾಳು.

ಹಾಗಾಗಿ ಉಳಿದ ಸ್ಕ್ರೂ ಬಿಚ್ಚಿ ಕ್ಯಾಲಿಪರ್‌ನಲ್ಲಿ ದಪ್ಪ ನೋಡಬೇಕು. 10 ಥ್ರೆಡ್ಡಿನ ಉದ್ದ ಅಳೆದು 10ರಿಂದ ಭಾಗಿಸಿದರೆ ಪಿಚ್ ಸಿಗುತ್ತೆ. ಥ್ರೆಡ್ ಗೇಜ್ ಇದ್ದರೆ ಇನ್ನೂ ಸುಲಭ. ಯಾಕಿಷ್ಟು ಜಾಗ್ರತೆ? ಸ್ಕ್ರೂ ಇರುವ ಜಾಗ ಉಳಿದೆರಡನ್ನು ಸೇರಿಸುವ ಗೆರೆಯಿಂದ 100 ಎಂಎಂ ದೂರ ಇದ್ದರೆ, ಎಂ4ನ ಕಾಲು ಸುತ್ತಿಗೇ 1200 ಎಂಎಂ ಫೋಕಲ್ ಲೆಂಗ್ತಿನಲ್ಲಿ ಬಿಂಬ ಸುಮಾರು 4 ಎಂಎಂ ಸರಿಯುತ್ತೆ.

ವಿಟ್‌ವರ್ತ್ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದ ಒಂದು ಭಾಗ ಅಳೆಯುವ ಯಂತ್ರ ಇಟ್ಟರು. ಆರು ಮೂಲೆಯ ನಳಿಗೆಯ ಬಂದೂಕನ್ನೂ ಮಾಡಿದರು. ಅದೇ ನಿಖರತೆ ಅಮೆರಿಕದ ಅಂತರ್ಯುದ್ಧದಲ್ಲಿ ಜೀವ ತೆಗೆಯಲೂ ಬಳಕೆಯಾಯಿತು ಅನ್ನೋದನ್ನು ನಾವು ಮರೆಯಬಾರದು.

1868ರಲ್ಲಿ ಅವರು ಯಂತ್ರಶಾಸ್ತ್ರ ಕಲಿಯುವವರಿಗಾಗಿ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನ ಕೊಟ್ಟರು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ವಿದ್ಯಾರ್ಥಿವೇತನ ಅವರ ಹೆಸರಿನಲ್ಲೇ ಇನ್ನೂ ನಡೀತಿದೆ.