ನಡೆದು ಬಂದ ದಾರಿ ಮರೆಯದ ಡಾ. ಎಚ್. ನರಸಿಂಹಯ್ಯ

ಕಾಚಿಗುಡದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಹಿಂದೂಪುರ ದಾಟಿದರೆ ಗೌರಿಬಿದನೂರು. ಆ ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರ ಜೂನ್ 6ರಂದು ಜನಿಸಿದವರು ಡಾ. ಎಚ್. ನರಸಿಂಹಯ್ಯ. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಸುಮಾರು 80 ಕಿ.ಮೀ. ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲು ಕಂಡರು. ಮತ್ತೆ ಸೆಂಟ್ರಲ್ ಕಾಲೇಜಿನಲ್ಲಿ ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

ಅಮೆರಿಕದ ಓಹಿಯೋದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದ ಮೇಲೂ ಅಲ್ಲಿ ನಿಲ್ಲದೆ ಅದೇ ಕಾಲೇಜಿಗೆ ಮರಳಿ, ಪ್ರಾಂಶುಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಹುದ್ದೆ ಎಷ್ಟೇ ದೊಡ್ಡದಾದರೂ ಮದುವೆಯಾಗದ ಅವರ ಮನೆಯೆಂದರೆ ಕಾಲೇಜು ಹಾಸ್ಟೆಲಿನ ಒಂದು ಕೋಣೆ, ಸಂಸಾರವೆಂದರೆ ವಿದ್ಯಾರ್ಥಿಗಳು.

ತಮ್ಮ ಸೀಮೆಯನ್ನೂ ಅವರು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತೆರೆಯಲು ಶ್ರಮಿಸಿದರು. ಪದವಿಗಾಗಿ ಬೆಂಗಳೂರಿಗೇ ಹೋಗಬೇಕಾದ ಕಷ್ಟ ಅಲ್ಲಿನ ಮಕ್ಕಳಿಗೆ ತಪ್ಪಿತು. 1984ರಲ್ಲಿ ಪದ್ಮಭೂಷಣ ಸಂದಿತು. 2005ರ ಜನವರಿ 31ರಂದು ನಿಧನರಾದರು.

ಮನೆತನದಲ್ಲಿ ಮೊದಲು ಓದಿದವನ ಪದವಿ ಅವನೊಬ್ಬನದಲ್ಲ, ಅದು ಊರಿನ ಸಾಲ. ಆ ಸಾಲವನ್ನು ಡಾ. ನರಸಿಂಹಯ್ಯನವರು ಬಡ್ಡಿಸಮೇತ ತೀರಿಸಿದರು. ಅವರಂತೆ ಕಾಲೇಜು ಕಟ್ಟುವ ಶಕ್ತಿ ಎಲ್ಲರಿಗೂ ಇರಲಾರದು. ಆದರೆ ಒಬ್ಬ ಬಡ ವಿದ್ಯಾರ್ಥಿಯ ವರ್ಷದ ಫೀಸು ಕಟ್ಟುವುದು ಸಂಘದ ಹಲವು ಸದಸ್ಯ ಬಾಂಧವರಿಗೆ ಸಾಧ್ಯವಿದೆ.