ವೈಪರನ್ನು ರೂಪಿಸಿದ ಮೇರಿ ಆಂಡರ್ಸನ್

ಮಳೆ ಸುರಿಯುವಾಗ ನಮ್ಮ ಹೈದರಾಬಾದಿನ ಆಬಿಡ್ಸ್ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ಮೋಟಾರು ಗಾಡಿಗಳನ್ನು ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಅವುಗಳ ಮುಂಗಾಜಿನ ಮೇಲೆ ರಬ್ಬರಿನ ಪಟ್ಟಿಗಳು ಅತ್ತಿಂದಿತ್ತ ಆಡುತ್ತ ನೀರನ್ನು ಒರೆಸುತ್ತವೆ. ಈ ಸಾಧನಕ್ಕೆ ಪ್ರಯೋಜನಕರವಾದ ರೂಪವನ್ನು ಕೊಟ್ಟ ಮಹಿಳೆಯ ಹೆಸರು ಮೇರಿ ಆಂಡರ್ಸನ್. ಆಕೆ ವೃತ್ತಿಯಿಂದ ಯಂತ್ರಶಿಲ್ಪಿಯಾಗಿರಲಿಲ್ಲ.

ಮೇರಿ 1866ನೆಯ ಇಸವಿ ಫೆಬ್ರವರಿ 19ರಂದು ಅಮೆರಿಕೆಯ ಅಲಬಾಮಾ ಸಂಸ್ಥಾನದ ಗ್ರೀನ್ ಜಿಲ್ಲೆಯಲ್ಲಿ ಜನಿಸಿದಳು. ನಾಲ್ಕು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡನು. ತಾಯಿ ಹಾಗೂ ಇಬ್ಬರು ಹೆಣ್ಣುಮಕ್ಕಳು ಆತನು ಬಿಟ್ಟುಹೋದ ಆಸ್ತಿಯ ಆದಾಯದಿಂದ ಜೀವನ ಸಾಗಿಸಿದರು. 1889ರಲ್ಲಿ ಕುಟುಂಬವು ಅದೇ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲಸಿತು. ಅಲ್ಲಿ ಮೇರಿಯು ಬಾಡಿಗೆಗೆ ಕೊಡುವ ಮನೆಗಳ ದೊಡ್ಡ ಕಟ್ಟಡವೊಂದನ್ನು ಕಟ್ಟಿಸಿದಳು. 1893ರಿಂದ ಐದು ವರ್ಷ ದೂರದ ಕ್ಯಾಲಿಫೋರ್ನಿಯಾದಲ್ಲಿ ದನಗಳ ಕೊಟ್ಟಿಗೆಯನ್ನೂ ದ್ರಾಕ್ಷಿಯ ತೋಟವನ್ನೂ ನೋಡಿಕೊಂಡು, ಬಳಿಕ ಊರಿಗೆ ಮರಳಿದಳು. ಹೆಂಗಸರಿಗೆ ಮತದಾನದ ಹಕ್ಕೂ ಇಲ್ಲದಿದ್ದ ಆ ಕಾಲದಲ್ಲಿ ಸ್ವಂತ ಬುದ್ಧಿಯಿಂದ ವ್ಯವಹಾರ ನಡೆಸಿದವಳೆಂಬುದನ್ನು ನಾವು ಗಮನಿಸಬೇಕು.

1902ರ ಚಳಿಗಾಲದಲ್ಲಿ ಆಕೆ ನ್ಯೂಯಾರ್ಕ್ ನಗರವನ್ನು ನೋಡಲು ಹೋದಳು. ಒಂದು ದಿನ ಟ್ರಾಮಿನಲ್ಲಿ ಕುಳಿತಿದ್ದಾಗ ಮಳೆಯೊಡನೆ ಹಿಮ ಬೀಳುತ್ತಿತ್ತು. ಗಾಜು ಮಂಜುಗಟ್ಟಿದ್ದರಿಂದ ಚಾಲಕನಿಗೆ ದಾರಿ ಕಾಣದು. ಅವನು ಮುಂದಿನ ಗಾಜನ್ನು ತೆರೆದು, ಕೊರೆಯುವ ಗಾಳಿಗೆ ಮುಖವೊಡ್ಡಿ ಗಾಡಿ ನಡೆಸುತ್ತಿದ್ದನು. ಪ್ರಯಾಣಿಕರೆಲ್ಲರೂ ಚಳಿಯನ್ನು ಸಹಿಸಿ ಇಳಿದುಹೋಗುತ್ತಿದ್ದರು. ಮೇರಿ ಮಾತ್ರ ಆ ತೊಂದರೆಗೆ ಪರಿಹಾರವುಂಟೇ ಎಂದು ಯೋಚಿಸಿದಳು.

ಊರಿಗೆ ಬಂದು ನಕ್ಷೆ ಬರೆದು, ಅಲ್ಲಿನ ಒಂದು ಕಾರ್ಖಾನೆಯಿಂದ ಮಾದರಿಯನ್ನು ಮಾಡಿಸಿದಳು. ಗಾಡಿಯ ಒಳಗೆ ಚಾಲಕನ ಕೈಗೆಟಕುವಂತೆ ಒಂದು ಹಿಡಿ; ಹೊರಗೆ ಗಾಜಿನ ಮೇಲೆ ರಬ್ಬರು ಕೂಡಿಸಿದ ತೋಳು. ಹಿಡಿಯನ್ನು ತಿರುಗಿಸಿದರೆ ತೋಳು ಗಾಜನ್ನು ಸವರುವುದು, ಸ್ಪ್ರಿಂಗಿನ ಬಲದಿಂದ ಮರಳಿ ಸ್ವಸ್ಥಾನಕ್ಕೆ ಬರುವುದು. ರಬ್ಬರು ಎಲ್ಲೆಡೆಯೂ ಸಮನಾಗಿ ಒತ್ತಬೇಕೆಂಬುದು ಅವಳ ಮುಖ್ಯ ಲಕ್ಷ್ಯವಾಗಿತ್ತು. ಇನ್ನೊಂದು ಜಾಣ್ಮೆಯೂ ಇತ್ತು: ಮಳೆಯಿಲ್ಲದ ದಿನಗಳಲ್ಲಿ ಇಡೀ ಸಾಧನವನ್ನು ಸುಲಭವಾಗಿ ಕಳಚಿಡಬಹುದಾಗಿತ್ತು.

ಈ ಮಾತು ನಮ್ಮ ಊರಿನವರಿಗೆ ಚೆನ್ನಾಗಿ ತಿಳಿಯತಕ್ಕದ್ದು. ಇಲ್ಲಿ ವೈಪರಿನ ರಬ್ಬರನ್ನು ಕೆಡಿಸುವುದು ಮಳೆಗಿಂತಲೂ ಹೆಚ್ಚಾಗಿ ಬಿಸಿಲು ಮತ್ತು ಧೂಳು. ಚೈತ್ರ ವೈಶಾಖಗಳ ಉರಿಯಲ್ಲಿ ರಬ್ಬರು ಗಡುಸಾಗಿ ಬಿರಿಯುತ್ತದೆ. ಮೊದಲ ಮಳೆಗೆ ಗಾಜಿನ ಮೇಲೆ ಗೆರೆಗಳನ್ನೆಳೆಯುತ್ತದೆ. ಆದುದರಿಂದ ಮನೆಯಲ್ಲಿ ಗಾಡಿಯುಳ್ಳವರು, ಬಾಡಿಗೆ ಕಾರು ನಡೆಸಿ ಸಂಸಾರ ಸಾಗಿಸುವವರು ಹೊಸ ಬ್ಲೇಡನ್ನು ಬೇಸಿಗೆಗೆ ಮುನ್ನ ಕೊಳ್ಳದೆ, ಮುಂಗಾರಿನ ಹೊಸ್ತಿಲಲ್ಲಿ ಕೊಳ್ಳುವುದು ಲೇಸು. ಅಳತೆ ನೋಡಿಕೊಳ್ಳಬೇಕು, ಅನೇಕ ಕಾರುಗಳಲ್ಲಿ ಎಡಬಲಗಳ ಉದ್ದ ಬೇರೆಬೇರೆ. ಲೋಹದ ಚೌಕಟ್ಟು ಗಟ್ಟಿಯಾಗಿದ್ದು ಅದಕ್ಕೆ ಹೊಂದುವ ರಬ್ಬರು ಬಿಡಿಯಾಗಿ ದೊರೆಯುವಂತಿದ್ದರೆ ರಬ್ಬರನ್ನಷ್ಟೇ ಬದಲಿಸಬಹುದು, ಖರ್ಚು ಕಡಿಮೆ. ಸಿಲಿಕೋನಿನ ಪಟ್ಟಿಗೆ ಬೆಲೆ ಹೆಚ್ಚಾದರೂ ಬಿಸಿಲನ್ನು ಅದು ಹೆಚ್ಚು ಕಾಲ ತಾಳುತ್ತದೆ. ಯಾವುದೇ ಆಗಲಿ, ಧೂಳು ಕೂತ ಒಣ ಗಾಜಿನ ಮೇಲೆ ಆಡಿಸಬಾರದು. ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಆಗಾಗ ಒರೆಸಬೇಕು. ಬೆಲೆ ಹೆಚ್ಚಿನದೇ ಬಾಳಿಕೆಯದೆಂದು ನಂಬುವವರು ನೆರಳಿನಲ್ಲಿ ಗಾಡಿ ನಿಲ್ಲಿಸಿ ನೋಡಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಮೇರಿಯ ಕಥೆ. 1903ರ ಜೂನ್ 18ರಂದು ಆಕೆ ಅರ್ಜಿ ಹಾಕಿದಳು. ನವೆಂಬರ್ 10ರಂದು ಪೇಟೆಂಟ್ ಎಂಬ ಸರ್ಕಾರಿ ಸನ್ನದು 7,43,801ನೆಯ ಸಂಖ್ಯೆಯಲ್ಲಿ ದೊರೆಯಿತು. ಅವಧಿ 17 ವರ್ಷ. ಅದೇ ಕಾಲದಲ್ಲಿ ಇತರರೂ ಇಂಥ ಪ್ರಯತ್ನಗಳನ್ನು ನಡೆಸಿದ್ದುಂಟು. ಆದರೆ ರಸ್ತೆಗಳಲ್ಲಿ ಮೋಟಾರುಗಳೇ ವಿರಳವಾಗಿದ್ದುವು. 1905ರಲ್ಲಿ ಕೆನಡಾದ ಒಂದು ವ್ಯಾಪಾರ ಸಂಸ್ಥೆಗೆ ತನ್ನ ಹಕ್ಕನ್ನು ಮಾರಲು ಹೊರಟಾಗ, ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ಅವರು ತಿರಸ್ಕರಿಸಿದರು. ಫೋರ್ಡನ ಅಗ್ಗದ ಕಾರು ಹೊರಬಂದದ್ದು 1908ರಲ್ಲಿ. ನಮ್ಮ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿದ್ದೂ ಅದೇ ವರ್ಷ. ಕಾರುಗಳು ಹೆಚ್ಚುತ್ತ ಹೋದಂತೆ ವೈಪರು ಬೇಕೇ ಬೇಕಾಯಿತು. ಅಷ್ಟರಲ್ಲಿ 1920ರಲ್ಲಿ ಸನ್ನದಿನ ಅವಧಿ ಮುಗಿದಿತ್ತು. 1922ರಲ್ಲಿ ಕ್ಯಾಡಿಲಾಕ್ ಕಂಪನಿಯು ತನ್ನ ಕಾರುಗಳಿಗೆಲ್ಲ ವೈಪರನ್ನು ಜೋಡಿಸಿಯೇ ಮಾರತೊಡಗಿತು. ಮೇರಿಗೆ ತನ್ನ ಸಾಧನದಿಂದ ಒಂದು ಕಾಸೂ ಬರಲಿಲ್ಲ.

ಆಕೆ ಬರ್ಮಿಂಗ್‌ಹ್ಯಾಮಿನ ತನ್ನ ಬಾಡಿಗೆ ಮನೆಗಳನ್ನು ನೋಡಿಕೊಂಡು ಬಾಳಿ, 1953ರ ಜೂನ್ 27ರಂದು 87ನೆಯ ವಯಸ್ಸಿನಲ್ಲಿ ಮರಣ ಹೊಂದಿದಳು. ಅಮೆರಿಕೆಯ ರಾಷ್ಟ್ರೀಯ ಆವಿಷ್ಕಾರಿಗಳ ಗೌರವಪಟ್ಟಿಯಲ್ಲಿ ಆಕೆಯ ಹೆಸರು ಸೇರಿದ್ದು 2011ರಲ್ಲಿ.